ಹದಿನೈದನೆಯ ಉಲ್ಲೇಖ

ಮಧ್ಯಾಹ್ನ ಮೂರು ಗಂಟೆಯೊಳಗೆ ಜಗತ್ತಿನ ಯಾವುದಾದರೂ ಮೂಲೆಯಲ್ಲಿ ಯಾರಾದರೂ ಒಬ್ಬರು ಸಿದ್ದಲಿಂಗನನ್ನು ಉಲ್ಲೇಖಿಸಬೇಕಾಗಿತ್ತು. ಒಬ್ಬರು ಸಾಕು. ಅಟ್ಟೂರಿನ ಬಾಡಿಗೆ ಮನೆಯ ಬಚ್ಚಲಿನಲ್ಲಿ ಬಕೆಟ್ಟು ತುಂಬುವುದನ್ನು ಕಾಯುತ್ತ, ಫೋನು ಒದ್ದೆಯಾಗದಂತೆ ಎದೆಮಟ್ಟದಲ್ಲಿ ಹಿಡಿದು, ಹೆಬ್ಬೆರಳಿನಿಂದ ಪುಟವನ್ನು ಕೆಳಕ್ಕೆಳೆದು ಬಿಟ್ಟ. ಸಣ್ಣ ವೃತ್ತವೊಂದು ಸುತ್ತಿ ನಿಂತಿತು. ಹದಿನಾಲ್ಕು. ನಿನ್ನೆಯೂ ಹದಿನಾಲ್ಕು, ಎರಡು ವರ್ಷಗಳಿಂದಲೂ ಹದಿನಾಲ್ಕು. ಎಚ್-ಇಂಡೆಕ್ಸ್ ಎಂಬ ಆ ಸಂಖ್ಯೆ ಹದಿನೈದಾಗಬೇಕಾದರೆ, ತಲಾ ಹದಿನೈದು ಬಾರಿಯಾದರೂ ಉಲ್ಲೇಖಗೊಂಡ ಹದಿನೈದು ಪ್ರಬಂಧಗಳು ಅವನ ಹೆಸರಿನಲ್ಲಿರಬೇಕು. ಹದಿನಾಲ್ಕು ಪ್ರಬಂಧಗಳು ಆ ಗೆರೆಯನ್ನು ದಾಟಿದ್ದವು. ಹದಿನೈದನೆಯದು, ೨೦೧೬ರ ಕಬ್ಬಿಣದ ಪ್ರಬಂಧ, ಗೆರೆಗೆ ಒಂದೇ ಒಂದು ಉಲ್ಲೇಖ ಕಡಿಮೆಯಾಗಿ ನಿಂತುಬಿಟ್ಟಿತ್ತು. ಅದಕ್ಕೆ ಬಂದಿದ್ದ ಹದಿನಾಲ್ಕನ್ನೂ ಅವನು ಹೆಸರು ಹಿಡಿದು ಬಲ್ಲ: ಐದು ಅವನವೇ, ಏಳು ವಿಭಾಗದ ಸಹೋದ್ಯೋಗಿಗಳವು, ಎರಡು ಮಾತ್ರ ಅಪರಿಚಿತರವು. ಆ ಇಬ್ಬರಲ್ಲಿ ಒಬ್ಬ ಪೋಲೆಂಡಿನವನು. ಅವನ ಹೆಸರನ್ನು ಉಚ್ಚರಿಸಲು ಬಾರದಿದ್ದರೂ ಸಿದ್ದಲಿಂಗನಿಗೆ ಅವನ ಮೇಲೆ ಸ್ವಂತ ತಮ್ಮನ ಮೇಲೂ ಇರದಷ್ಟು ಅಕ್ಕರೆಯಿತ್ತು. ಹೊರಗಿನಿಂದ ಹೆಂಡತಿ ಬಾಗಿಲು ಬಡಿದಳು. "ನೀರು ಹರ್ಯಾಕತ್ತಾವು, ಒಳಗ ಏನ್ ಮಾಡಾಕತ್ತೀರಿ?" ಅವನು ಉತ್ತರಿಸುವ ಮೊದಲೇ ಮಗಳು ಶಿವಾನಿಯ ಧ್ವನಿ ಕೇಳಿಸಿತು. "ರಿಸಲ್ಟ್ ನೋಡ್ತಿದಾರೆ ಮಮ್ಮಿ. ಮತ್ತೆ ಫೇಲಾಗಿರ್ಬೇಕು, ಬಿಡು."

ದೊಡ್ಡಬಳ್ಳಾಪುರ ರಸ್ತೆಯಲ್ಲಿ ಸ್ಕೂಟರನ್ನು ಲಾರಿಗಳ ಎಡಕ್ಕೆ ಒತ್ತರಿಸಿಕೊಂಡು ಹೋಗುವಾಗ ಅವನು ಇಂದು ಮೂರು ಗಂಟೆಗಿರುವ ಸಂದರ್ಶನದ ಬಗ್ಗೆ ಯೋಚಿಸಬಾರದೆಂದು ನಿರ್ಧರಿಸಿದ, ಆದ್ದರಿಂದಲೇ ಬೇರೇನನ್ನೂ ಯೋಚಿಸಲಾಗಲಿಲ್ಲ. ಪ್ರೊಫೆಸರ್ ಹುದ್ದೆಗೆ ಇದು ಮೂರನೆಯ ಸರದಿ. ಮೊದಲೆರಡು ಸಲ ಅವನಿಗಿಂತ ಕಿರಿಯರು ಒಳಗೆ ಹೋಗಿ ಪ್ರೊಫೆಸರರಾಗಿ ಹೊರಬಂದಿದ್ದರು. ಇಂದು ತಪ್ಪಿದರೆ ಹುದ್ದೆ ಭೌತಶಾಸ್ತ್ರಕ್ಕೆ ಹೋಗುತ್ತದೆ, ಮತ್ತೆ ರಸಾಯನಶಾಸ್ತ್ರಕ್ಕೆ ಮರಳುವುದಿಲ್ಲ. ಅಧ್ಯಕ್ಷ ಮುನಿಆಂಜಿನಪ್ಪನವರು ಇದನ್ನೂ, ಹದಿನೈದಿಲ್ಲದವರು ಪ್ರೊಫೆಸರಾಗುವುದಿಲ್ಲವೆಂಬುದನ್ನೂ ಬಾಯಿಬಿಟ್ಟೇ ಹೇಳಿದ್ದರು. ಕಾಲೇಜು ನಿಂತಿರುವುದು ಅವರ ತಂದೆ ದ್ರಾಕ್ಷಿ ಬೆಳೆಯುತ್ತಿದ್ದ ಹೊಲದಲ್ಲಿ. ಏಳನೆಯ ತರಗತಿಗೆ ಶಾಲೆ ಬಿಟ್ಟಿದ್ದ ಅವರಿಗೆ ಕಾಲೇಜಿಗೆ ಮಾನ್ಯತೆ ನೀಡುವ ಸಮಿತಿಯೊಂದು ಭೇಟಿಯಿತ್ತ ದಿನ ಈ ಎಚ್-ಇಂಡೆಕ್ಸಿನ ಪರಿಚಯವಾಗಿತ್ತು. ಸಂಶೋಧನೆಯ ಬಗ್ಗೆ ತಮಗೂ ಅರ್ಥವಾಗುವ ಸಂಗತಿಯೊಂದು ಸಿಕ್ಕಿತೆಂಬ ಹಿಗ್ಗಿನಲ್ಲಿ ಅವರು ಕಾರಿಡಾರಿನಲ್ಲಿ ಎದುರಾದ ಅಧ್ಯಾಪಕರನ್ನೆಲ್ಲ ನಿಲ್ಲಿಸಿ, "ನಿಮ್ದೆಷ್ಟು ಮೇಷ್ಟ್ರೆ?" ಎಂದು ಕೇಳತೊಡಗಿದರು. ಸಿದ್ದಲಿಂಗ ಒಂದು ವರ್ಷ ಹದಿನಾಲ್ಕು ಎಂದ, ಮರುವರ್ಷವೂ ಹದಿನಾಲ್ಕು ಎಂದ. ಅಂದಿನಿಂದ ಅವನು ಹದ್ನಾಲ್ಕು ಮೇಷ್ಟ್ರು. ಅಟೆಂಡರ್ ಮುನಿಕೃಷ್ಣಮ್ಮ ಒಮ್ಮೆ ಟಪಾಲು ಹಿಡಿದು, "ಹದ್ನಾಲ್ಕು ಮೇಷ್ಟ್ರು ಯಾವ ರೂಮಲ್ಲವ್ರೆ?" ಎಂದು ಅವನನ್ನೇ ಕೇಳಿದ್ದಳು. ಅವನು ನಕ್ಕು, "ನಾನೇ ಕಣಮ್ಮ" ಎಂದಿದ್ದ. ಅವಳ ಪ್ರಶ್ನೆ ಮರೆತುಹೋಗಬಹುದಿತ್ತು. ತನ್ನ ಆ ನಗು ಮಾತ್ರ ಇಂದಿಗೂ ಮರೆತಿಲ್ಲ.

ಸ್ಟಾಫ್ ರೂಮಿನಲ್ಲಿ ಜೀಷಾನ್ ಆಗಲೇ ಲ್ಯಾಪ್‌ಟಾಪ್ ತೆರೆದು ಕುಳಿತಿದ್ದ. ವಿಭಾಗದ ಕಿರಿಯ ಅಧ್ಯಾಪಕ. ಯಾರ ಪ್ರಬಂಧದಲ್ಲಿ ಯಾರನ್ನು ಉಲ್ಲೇಖಿಸಬೇಕೆಂಬ ಪಟ್ಟಿ ಅವನ ಬಳಿಯಿತ್ತು. "ನಮ್ಮಲ್ಲಿ ಸೈಟೇಷನ್ ಅಂದ್ರೆ ಮದುವೆ ಮುಯ್ಯಿ ಥರ ಸಾರ್," ಎನ್ನುತ್ತಿದ್ದ. "ನೀವು ನಮ್ಮನೆಗೆ ಬಂದ್ರೆ ನಾವು ನಿಮ್ಮನೆಗೆ." ಈಗ ತಲೆಯೆತ್ತಿ ನೋಡಿ, "ನಿಮ್ಮನ್ನ ಸೈಟ್ ಮಾಡಿರೋ ಪೇಪರ್ ಇನ್ನೂ ಬಂದಿಲ್ಲ ಸಾರ್. ಗುರುವಾರ ತಾನೇ ಆ ಜರ್ನಲ್ ಹೊಸ ಪೇಪರ್ ಹಾಕೋದು? ಹನ್ನೆರಡರ ಮೇಲೆ ಬರುತ್ತೆ, ಟೆನ್ಷನ್ ತಗೋಬೇಡಿ" ಎಂದ. ಅಧ್ಯಕ್ಷರು ಒಂದು ರಿಯಾಯಿತಿ ತೋರಿಸಿದ್ದರು: ಎಣಿಕೆಯ ಜಾಲತಾಣಕ್ಕೆ ಏರಲು ವಾರಗಳು ಹಿಡಿಯುವುದರಿಂದ, ಮೂರು ಗಂಟೆಯೊಳಗೆ ಪ್ರಕಟವಾದ ಪ್ರಬಂಧದ ಅಚ್ಚುಪ್ರತಿ ತಂದು ತೋರಿಸಿದರೂ ಲೆಕ್ಕಕ್ಕೆ ತೆಗೆದುಕೊಳ್ಳುವುದು. ಸಿದ್ದಲಿಂಗ ತನ್ನ ಮೇಜಿಗೆ ಹೋಗಿ ಕುಳಿತ. ಕಿಟಕಿಯಾಚೆ ಅವನ ಹಳೆಯ ಪ್ರಯೋಗಾಲಯ ಕಾಣುತ್ತಿತ್ತು. ವಿಷಾನಿಲ ಹೀರುವ ಗಾಜಿನ ಗೂಡಿನಲ್ಲಿ ಈಗ ಉತ್ತರಪತ್ರಿಕೆಗಳ ಕಟ್ಟುಗಳನ್ನು ಒಟ್ಟಿದ್ದರು. ಆರು ವರ್ಷಗಳಿಂದ ಅವನು ಒಂದು ಫ್ಲಾಸ್ಕನ್ನೂ ಮುಟ್ಟಿಲ್ಲ. ಈಗ ಅವನು ಮಾಡುವುದು ಇತರರು ಮಾಡಿದ್ದರ ಎಣಿಕೆ: ಲೋಹವೂ ಇಂಗಾಲವೂ ನೇರವಾಗಿ ಕೈಹಿಡಿಯುವ ಸಂಯುಕ್ತಗಳ ಬಗ್ಗೆ ಯಾವ ದೇಶ ವರ್ಷಕ್ಕೆ ಎಷ್ಟು ಪ್ರಬಂಧ ಹೊರತಂದಿತು, ಯಾವ ಲೋಹದ ರೇಖೆ ಏರಿತು, ಯಾವುದರದು ಇಳಿಯಿತು. ರಾಸಾಯನಿಕ ಕ್ರಿಯೆಗೆ ವೇಗ ಕೊಡುವ ಪೆಲ್ಲಾಡಿಯಂ ಲೋಹ ದುಬಾರಿಯೆಂದು ಲೋಕವೆಲ್ಲ ಕಬ್ಬಿಣದ ಹಿಂದೆ ಓಡಿದ ವರ್ಷಗಳನ್ನು ಅವನು ಒಂದು ನಕ್ಷೆಯಲ್ಲಿ ಕೆಂಪು ಬಣ್ಣದಲ್ಲಿ ತೋರಿಸುತ್ತಾನೆ. ಆ ಕೆಂಪು ಏರಿನ ಬುಡದಲ್ಲಿ ಎಲ್ಲೋ ಒಂದು ಚುಕ್ಕೆ ತಾನು. ಪ್ರಬಂಧವೊಂದು ಮೂರನೆಯ ವರ್ಷದಲ್ಲಿ ತುದಿ ಮುಟ್ಟುತ್ತದೆ, ಆಮೇಲೆ ಯಾರಿಗೂ ಬೇಡವಾಗುತ್ತದೆ ಎಂದು ವೇದಿಕೆಯ ಮೇಲೆ ನಿಂತು ಹೇಳುವಾಗ ಅವನು ಪ್ರತಿ ಬಾರಿಯೂ ಮಾತು ತಡೆದು ನೀರಿನ ಲೋಟಕ್ಕೆ ಕೈಚಾಚುತ್ತಾನೆ. ಸಭಿಕರು ಅದನ್ನು ಗಾಂಭೀರ್ಯವೆಂದು ತಿಳಿಯುತ್ತಾರೆ.

ಬರಲಿರುವ ಪ್ರಬಂಧದ ಬಗ್ಗೆ ಅವನಿಗೆ ಇಷ್ಟು ಖಚಿತವಾಗಿ ಗೊತ್ತಿದ್ದುದು ಹೇಗೆಂದು ಜೀಷಾನ್ ಕೇಳಿರಲಿಲ್ಲ, ಕೇಳುವಷ್ಟು ದಡ್ಡನಲ್ಲ. ಎಂಟು ತಿಂಗಳ ಹಿಂದೆ ಆ ಜರ್ನಲ್ಲಿನ ಸಂಪಾದಕರು ಒಂದು ಹಸ್ತಪ್ರತಿಯನ್ನು ಪರಿಶೀಲನೆಗೆಂದು, ಅದರ ರಿವ್ಯೂವರ್ ಆಗಿರೆಂದು, ಅವನಿಗೆ ಕಳಿಸಿದ್ದರು. ಲೇಖಕರ ಹೆಸರನ್ನು ಅಳಿಸಲಾಗಿತ್ತು. ಪರಿಶೀಲಿಸಿದವನ ಹೆಸರೂ ಲೇಖಕರಿಗೆ ತಿಳಿಯುವಂತಿಲ್ಲ. ಕಬ್ಬಿಣದ ವೇಗವರ್ಧಕಗಳ ಕುರಿತ ಬರಹವೆಂದು ಶೀರ್ಷಿಕೆಯಿಂದ ತಿಳಿದೊಡನೆ ಅವನು ನಕ್ಷೆಗಳ ಮೇಲೆ ಕಣ್ಣಾಡಿಸಿ, ಕೊನೆಯ ಪುಟಕ್ಕೆ ಹಾರಿ, ಉಲ್ಲೇಖಗಳ ಪಟ್ಟಿಯಲ್ಲಿ ತನ್ನ ಹೆಸರನ್ನು ಹುಡುಕಿದ. ಇರಲಿಲ್ಲ. ಸಿದ್ದಲಿಂಗ ಅವರ ೨೦೧೬ರ ಮಹತ್ವದ ಕೆಲಸವನ್ನು ಲೇಖಕರು ಕಡೆಗಣಿಸಿದ್ದಾರೆ, ತಮ್ಮ ಫಲಿತಾಂಶವನ್ನು ಅದರೊಂದಿಗೆ ಹೋಲಿಸಬೇಕು ಎಂದು ಬರೆದ. ತಿದ್ದಿದ ಪ್ರತಿ ಬಂತು, ಜೊತೆಗೆ ಲೇಖಕರ ಎರಡು ಪುಟಗಳ ಉತ್ತರ. ಪಟ್ಟಿಯಲ್ಲಿ ಹೆಸರಿಲ್ಲದ್ದನ್ನು ಕಂಡವನೇ ಉತ್ತರವನ್ನು ಓದದೆ, ಹೋಲಿಸದಿದ್ದರೆ ಪ್ರಕಟಣೆಗೆ ಶಿಫಾರಸು ಮಾಡಲಾಗದು ಎಂದು ಮತ್ತೆ ಬರೆದ. ಮೂರನೆಯ ಪ್ರತಿಯಲ್ಲಿ ಮೂವತ್ತೊಂದನೆಯ ಉಲ್ಲೇಖವಾಗಿ ಅವನು ಕುಳಿತಿದ್ದ. ಯಲಹಂಕದ ಹೋಟೆಲೊಂದರಲ್ಲಿ ದೋಸೆಗೆ ಕಾಯುತ್ತಿದ್ದಾಗ, ಫೋನಿನ ಮೇಲೆಯೇ, ಒಳಗಿನ ಒಂದು ಸಾಲನ್ನೂ ನೋಡದೆ 'ಸ್ವೀಕಾರಾರ್ಹ' ಎಂಬುದನ್ನು ಒತ್ತಿದ್ದ. ಅಂದು ದೋಸೆ ರುಚಿಯಾಗಿತ್ತು.

ಹನ್ನೆರಡೂ ಮುಕ್ಕಾಲಿಗೆ ಜೀಷಾನ್ ಕುರ್ಚಿಯಿಂದ ನೆಗೆದ. "ಬಂತು ಸಾರ್! ಮೂವತ್ತೊಂದು! ಹದಿನೈದು ಆಯ್ತು, ಇನ್ನೇನಿದ್ರೂ ಪ್ರೊಫೆಸರ್ ಸಿದ್ದಲಿಂಗ!" ಸಿದ್ದಲಿಂಗನ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತು. ಸಂತೋಷವೆಂದರೆ ಇಷ್ಟು ದೈಹಿಕವಾಗಿರುತ್ತದೆಂದು ಅವನಿಗೆ ಮರೆತೇಹೋಗಿತ್ತು. ಕಿವಿಯ ಹಿಂದೆ ಬಿಸಿಯಾಯಿತು. ಪ್ರಿಂಟರು ಹಾಳೆಗಳನ್ನು ಒಂದೊಂದಾಗಿ ಉಗುಳಿತು. ಜೀಷಾನ್ ಹಳದಿ ಪೆನ್ನಿನ ಮುಚ್ಚಳವನ್ನು ಹಲ್ಲಿನಿಂದ ಕಿತ್ತು ಪಟ್ಟಿಯಲ್ಲಿ ಅವನ ಹೆಸರಿಗೆ ಬಣ್ಣ ಹಚ್ಚಿದ, ಬಳಿಕ ಒಳಪುಟಗಳಲ್ಲಿ ಮೂವತ್ತೊಂದನ್ನು ಹುಡುಕತೊಡಗಿದ. ಆರನೆಯ ಪುಟದಲ್ಲಿ ಅವನ ಕೈ ನಿಂತಿತು. ಮುಚ್ಚಳ ಇನ್ನೂ ಹಲ್ಲಿನ ನಡುವೆಯೇ ಇತ್ತು.

"ಸಾರ್, ಇದನ್ನ ನೀವು ಓದಿದ್ರಾ?"

ಇಂಗ್ಲಿಷಿನ ಆ ಮೂರು ವಾಕ್ಯಗಳು ಬಹಳ ಸೌಜನ್ಯದಿಂದ ಕೂಡಿದ್ದವು. ಸಿದ್ದಲಿಂಗ ಮತ್ತು ಸಂಗಡಿಗರು ವರದಿ ಮಾಡಿದ ಕಬ್ಬಿಣದ ವೇಗವರ್ಧಕವನ್ನು ಕಲಕಲು ಹೊಸ ಕಾಂತದ ಗುಳಿಗೆ ಬಳಸಿ ಹನ್ನೊಂದು ಬಾರಿ ಪರೀಕ್ಷಿಸಿದೆವು. ಒಮ್ಮೆಯೂ ಕ್ರಿಯೆ ನಡೆಯಲಿಲ್ಲ. ಆ ವರದಿಯ ಫಲಿತಾಂಶಕ್ಕೆ ಕಬ್ಬಿಣ ಕಾರಣವಲ್ಲ, ಹಿಂದಿನ ಪ್ರಯೋಗಗಳಿಂದ ಹಳೆಯ ಗುಳಿಗೆಗಳಲ್ಲಿ ಉಳಿದುಕೊಂಡ ಪೆಲ್ಲಾಡಿಯಂ ಕಾರಣ. ಅವನು ಮೊದಲ ಪುಟಕ್ಕೆ ತಿರುಗಿ ಲೇಖಕರ ಹೆಸರನ್ನು ನೋಡಿದ. ಇಬ್ಬರಿದ್ದರು. ಮೊದಲನೆಯದು ಭಾಗ್ಯಶ್ರೀ. ಓದುವ ಮೊದಲೇ ಗೊತ್ತಿತ್ತೆಂದು ಅವನಿಗನ್ನಿಸಿತು, ಏಕೆಂದರೆ ಗುಳಿಗೆಯ ಮಾತನ್ನು ಜಗತ್ತಿನಲ್ಲಿ ಮೊದಲು ಆಡಿದವಳು ಅವಳೇ, ಈ ಕಿಟಕಿಯಾಚೆಯ ಕೋಣೆಯಲ್ಲೇ. ನವಲಗುಂದದ ಹುಡುಗಿ, ಅವನ ಕೈಕೆಳಗೆ ಸಂಶೋಧನೆಗೆ ಸೇರಿದ್ದವಳು. ಬಾಗಲಗುಂಟೆಯ ಪಿ.ಜಿ.ಯಿಂದ ಎರಡು ಬಸ್ಸು ಬದಲಿಸಿ ಬೆಳಗಿನ ಎಂಟಕ್ಕೆ ಹಾಜರಾಗುತ್ತಿದ್ದಳು. ಫ್ಲಾಸ್ಕಿನ ತಳದಲ್ಲಿ ಸುತ್ತುತ್ತ ದ್ರಾವಣ ಕಲಕುವ ಆ ಬಿಳಿಯ ಗುಳಿಗೆಗಳು ಹಳೆಯವಾಗಿ ಗೀರು ಬಿದ್ದಿವೆಯೆಂದು ಅವಳೇ ಹೊಸ ಡಬ್ಬ ತಂದು ತೆರೆದಿದ್ದಳು. ಶೇಕಡಾ ತೊಂಬತ್ತೆರಡು ಬರುತ್ತಿದ್ದ ಇಳುವರಿ ಅಂದು ಆರಕ್ಕೆ ಇಳಿಯಿತು. ಸರ್, ಇದು ಕಬ್ಬಿಣದ ಕೆಲಸ ಅಲ್ರೀ, ಏನೋ ಗುಳಿಗ್ಯಾಗ ಕುಂತೈತಿ ಎಂದಿದ್ದಳು. ಅವನು ಸುಳ್ಳು ಹೇಳಲಿಲ್ಲ. ಹಳೇದ್ರಾಗ ಹಾಕಿ ನೋಡು ಎಂದಷ್ಟೇ ಹೇಳಿದ. ಹಳೆಯದರಲ್ಲಿ ತೊಂಬತ್ತೆರಡೇ ಬಂತು. ಅದನ್ನೇ ಬರೆದ. ಆ ಪ್ರಬಂಧದಲ್ಲಿ ತನ್ನ ಹೆಸರು ಬೇಡವೆಂದು ಅವಳು ಒಂದು ಚೀಟಿಯಲ್ಲಿ ಬರೆದುಕೊಟ್ಟು ಹೋದಾಗ, ಹೆಣ್ಣುಮಕ್ಕಳಿಗೆ ಈ ಕೆಲಸಕ್ಕೆ ಬೇಕಾದ ತಾಳ್ಮೆಯಿಲ್ಲ ಎಂದು ಅಂದಿನ ಪ್ರಾಂಶುಪಾಲರೆದುರು ಹೇಳಿದ್ದ. ಪ್ರಾಂಶುಪಾಲರು ತಲೆದೂಗಿ ಚಹಾ ತರಿಸಿದ್ದರು. ಈಗ ಅವಳು ಹನ್ನೊಂದು ಬಾರಿ ಮಾಡಿದ್ದಳು. ತಾಳ್ಮೆ.

"ಎಣಿಸೋ ಮೆಷೀನಿಗೆ ಹೊಗಳಿಕೆ ಬೈಗುಳ ಗೊತ್ತಾಗಲ್ಲ ಸಾರ್, ನೀವೇ ಸೆಮಿನಾರಲ್ಲಿ ಹೇಳಿದ್ರಲ್ಲ," ಎಂದ ಜೀಷಾನ್, ಸಂತೈಸುವ ದನಿಯಲ್ಲಿ. "ಪಟ್ಟಿ ಇರೋ ಹಾಳೆ ಒಂದೇ ತಗೊಂಡೋಗಿ. ಆರನೇ ಪೇಜು ಇಲ್ಲೇ ಇರ್ಲಿ." ಅವನು ಹಾಗೆನ್ನುತ್ತಲೇ ಆ ಆರನೆಯ ಹಾಳೆಯನ್ನು ಮಡಚಿ ತನ್ನ ಚೀಲದೊಳಗೆ ಇಟ್ಟುಕೊಂಡದ್ದು ಸಿದ್ದಲಿಂಗನ ಕಣ್ಣಿಗೆ ಬಿತ್ತು. ಹರಿದು ಬಿಸಾಡಬಹುದಿತ್ತು. ಇಟ್ಟುಕೊಂಡ.

ಒಂದೂವರೆಗೆ ಅವನು ಪ್ರಯೋಗಾಲಯದ ಹಿಂದಿನ ನೀರಿನ ಟ್ಯಾಂಕಿನ ನೆರಳಿಗೆ ಹೋಗಿ ಭಾಗ್ಯಶ್ರೀಗೆ ಫೋನು ಮಾಡಿದ. ಏನು ಕೇಳಬೇಕೆಂದು ತಿಳಿದಿರಲಿಲ್ಲ. ಅವಳ ನಂಬರು ಇನ್ನೂ ತನ್ನ ಬಳಿಯಿದ್ದುದೇ ಅವನಿಗೆ ಆಶ್ಚರ್ಯ. ಜಕ್ಕೂರಿನ ಕಡೆಯಿಂದ ತರಬೇತಿಯ ಸಣ್ಣ ವಿಮಾನವೊಂದು ಗೊರಗುಟ್ಟುತ್ತ ತಲೆಯ ಮೇಲೆ ಸುತ್ತುಹಾಕುತ್ತಿತ್ತು.

"ನಮಸ್ಕಾರ ಸರ್. ಆರಾಮ ಅದೀರಿ?" ದನಿ ಹಾಗೇ ಇತ್ತು, ಯಶವಂತಪುರದಾಚೆಯ ದೊಡ್ಡ ಸಂಸ್ಥೆಯೊಂದರಲ್ಲಿ ವಿಜ್ಞಾನಿಯಾಗಿ ನಾಲ್ಕು ವರ್ಷವಾದರೂ ಬದಲಾಗಿರಲಿಲ್ಲ.

"ನಿನ್ನ ಪೇಪರ್ ನೋಡಿದ್ನವಾ."

ಅವಳು ಉಸಿರೆಳೆದುಕೊಂಡದ್ದು ಕೇಳಿಸಿತು. "ನಾನಽ ಫೋನ್ ಮಾಡೂದಿತ್ರಿ ಸರ್. ಬಾಯಿ ಬರಲಿಲ್ಲ. ನಿಮ್ಮ ಹೆಸರು ತರೂದು ನಮ್ಮ ಮನಸ್ನ್ಯಾಗ ಇರ್ಲೇ ಇಲ್ರೀ. ಆಗಿದ್ದು ಆಗಿಹೋತು ಅಂತ ಬಿಟ್ಟಿದ್ದೆ. ಆ ಎರಡನೇ ರಿವ್ಯೂವರ್ ಹಟಾ ಹಿಡಿದು ಕುಂತ್ರು, ಸಿದ್ದಲಿಂಗ ಅವರ ಕೆಲಸಾ ಹೋಲಿಸ್ರಿ ಅಂತ. ಬ್ಯಾಡ್ರಿ, ಒಬ್ಬ ಹಿರಿಯರಿಗೆ ಸುಮ್‌ಸುಮ್ನ ಅವಮಾನ ಆಗ್ತೈತಿ ಅಂತ ಎರಡು ಪೇಜು ಪತ್ರಾ ಬರದ್ನಿ. ಅದನ್ನ ಓದಿನೂ ಮತ್ತ ಅದಽ ಬರದ್ರು. ಹೋಲಿಸಲಿಲ್ಲಂದ್ರ ಪೇಪರ್ ಒಪ್ಪಂಗಿಲ್ಲ ಅಂದ್ರು. ಆಮೇಲೆ ನಾ ಏನ್ ಮಾಡ್ಲಿ? ಹೋಲಿಸಿದ್ನಿ." ಸ್ವಲ್ಪ ತಡೆದು ದನಿ ತಗ್ಗಿಸಿ ಹೇಳಿದಳು: "ಯಾರೋ ನಿಮ್ಮ ಮ್ಯಾಲೆ ಭಾಳ ಹಗಿ ಇರೋರು ಇರ್ಬೇಕ್ರಿ ಸರ್. ಹುಷಾರಿರ್ರಿ."

ವಿಮಾನ ಮತ್ತೊಂದು ಸುತ್ತು ಬಂತು. ಅವನು ಏನಾದರೂ ಹೇಳಿ ಫೋನಿಡಬಹುದಿತ್ತು. ಆದರೆ ಆರು ವರ್ಷಗಳಿಂದ ಸುಮ್ಮನಿದ್ದ ಒಬ್ಬ ರಸಾಯನಶಾಸ್ತ್ರಜ್ಞ ಅವನೊಳಗೆ ಎದ್ದು ಕುಳಿತ. ಶಿಷ್ಯೆಯೆದುರು ಪೂರ್ತಿ ಸೋಲುವುದನ್ನು ತಡೆಯಲಾರದವನು, ಕಂಡದ್ದೆಲ್ಲ ನೆನಪಿಟ್ಟುಕೊಳ್ಳುವವನು. "ಅಲ್ಲವಾ, ಎಪ್ಪತ್ತು ಡಿಗ್ರಿಗೆ ಕಬ್ಬಿಣ ತಾನಽ ಒಂದೀಟು ಕೆಲಸ ಮಾಡ್ತಿತ್ತಲ್ಲ? ಹನ್ನೆರಡು ಪರ್ಸೆಂಟ್ ಬಂದಿತ್ತು. ಆ ಗ್ರಾಫ್ ಯಾಕ ತಗದ್ಹಾಕಿದ್ರಿ?"

ಫೋನು ಕಡಿದುಹೋಯಿತೇನೋ ಎಂದು ಅವನು ಪರದೆಯನ್ನು ನೋಡಿದ. ಸೆಕೆಂಡುಗಳು ಓಡುತ್ತಿದ್ದವು.

"ಆ ಗ್ರಾಫ್ ಮೊದಲ್ನೇ ಪ್ರತಿಯೊಳಗ ಅಷ್ಟಽ ಇತ್ರಿ ಸರ್," ಎಂದಳು ಭಾಗ್ಯಶ್ರೀ ನಿಧಾನವಾಗಿ. "ಅಳತಿ ತಪ್ಪಿತ್ತಂತ ನಾವಽ ತಗದ್ವಿ. ಎಡಿಟರ್, ಇಬ್ರು ರಿವ್ಯೂವರ್ ಬಿಟ್ರ ಅದನ್ನ ಯಾರೂ ನೋಡಿಲ್ರೀ."

ಟ್ಯಾಂಕಿನಿಂದ ನೀರು ತೊಟ್ಟಿಕ್ಕಿ ಅವನ ಬೂಟಿನ ಮೇಲೆ ಬೀಳುತ್ತಿತ್ತು. ಕಾಲನ್ನು ಸರಿಸಲು ಅವನಿಗೆ ತೋಚಲಿಲ್ಲ. ಬಯ್ಯಲಿ, ಬಯ್ದುಬಿಡಲಿ ಎಂದುಕೊಂಡ. ಅವಳು, "ಊಟಾ ಆತೇನ್ರಿ ಸರ್?" ಎಂದು ಕೇಳಿದಳು. "ಆತವಾ," ಎಂದ. "ಹಂಗಾದ್ರ ಇಡ್ತೀನ್ರಿ," ಎಂದು ಇಟ್ಟಳು.

ಮೂರು ಗಂಟೆಗೆ ಅಧ್ಯಕ್ಷರ ಕೋಣೆಯಲ್ಲಿ ಇಬ್ಬರಿದ್ದರು. ಮುನಿಆಂಜಿನಪ್ಪನವರು ಬಿಳಿಯ ಶರ್ಟಿನಲ್ಲಿ, ಕುರ್ಚಿಯನ್ನು ಪೂರ್ತಿ ತುಂಬಿ ಕುಳಿತಿದ್ದರು. ಬದಿಯಲ್ಲಿ ವಿಷಯತಜ್ಞರೆಂದು ಹೊರಗಿನಿಂದ ಬಂದ ಡಾ. ವಿಶ್ವನಾಥ, ತೆಳ್ಳನೆಯ ಮನುಷ್ಯ, ಮಾತಿಗೆ ಮೊದಲು ಕನ್ನಡಕ ಒರೆಸುವ ಅಭ್ಯಾಸವುಳ್ಳವರು. "ಬನ್ನಿ ಹದ್ನಾಲ್ಕು, ಕುಂತ್ಕಳಿ," ಎಂದರು ಅಧ್ಯಕ್ಷರು. "ಇನ್ನೂ ಹದ್ನಾಲ್ಕೇನಾ, ಇಲ್ಲ ಬಡ್ತಿ ಆಯ್ತಾ?" ಸಿದ್ದಲಿಂಗ ಹಳದಿ ಬಣ್ಣ ಹಚ್ಚಿದ ಒಂದೇ ಹಾಳೆಯನ್ನು ಮುಂದಿಟ್ಟ. ಅಧ್ಯಕ್ಷರು ಅದನ್ನು ಕೈಯಳತೆ ದೂರಕ್ಕೆ ಹಿಡಿದು ಅಕ್ಷರಗಳನ್ನು ಕೂಡಿಸಿಕೊಂಡರು. "ಹೆಸ್ರೈತೆ, ನಿಜ. ಆದ್ರೆ ಏನಂತ ಬರ್ದವ್ರೆ? ಬರೀ ಹೆಸ್ರು ಹಾಕದ್ರೆ ಲಗ್ನಪತ್ರಿಕೆ ಆಯ್ತದೆ ಕಣ್ರೀ. ಒಳ್ಗಡೆ ಇರೋದ ಓದಿ, ನಾನೂ ಕೇಳ್ಬೇಕು."

"ಒಳಪುಟ ತಂದಿಲ್ಲ ಸರ್, ಪೀಠಿಕೆಯಲ್ಲಿ ಸುಮ್ಮನೆ..." ಎಂದು ಅವನು ತೊಡಗುವಷ್ಟರಲ್ಲಿ ವಿಶ್ವನಾಥರು ಕನ್ನಡಕ ಒರೆಸಿ ಹಾಕಿಕೊಂಡರು. "ನನ್ನ ಹತ್ರ ಪೂರ್ತಿ ಇದೆ. ಊಟದ ಹೊತ್ತಿನಲ್ಲಿ ಓದಿದೆ." ಅವರು ಟ್ಯಾಬ್ಲೆಟ್ಟನ್ನು ಮೇಜಿನ ಮೇಲೆ ಸರಿಸಿದರು. ಆರನೆಯ ಪುಟ ತೆರೆದಿತ್ತು. "ನೀವೇ ಓದಿ. ಅಧ್ಯಕ್ಷರಿಗೆ ಅರ್ಥವಾಗೋ ಹಾಗೆ, ಕನ್ನಡದಲ್ಲಿ." ಅವರ ಮುಖದಲ್ಲಿ ಹಗೆಯಿರಲಿಲ್ಲ. ಮೀಸೆ ಕಿತ್ತ ಜಿರಲೆ ಯಾವ ಕಡೆಗೆ ಹೋಗುತ್ತದೆಂದು ನೋಡುವ ಮಗುವಿನ ಏಕಾಗ್ರತೆಯಿತ್ತು.

ಸಿದ್ದಲಿಂಗ ಆ ಮೂರು ವಾಕ್ಯಗಳನ್ನು ನೋಡಿದ. ಇದ್ದದ್ದನ್ನು ಇದ್ದಂತೆ ಓದಿಬಿಟ್ಟರೆ ಏನಾಗುತ್ತದೆಂಬ ಯೋಚನೆ ಬಂತು. ಆ ಯೋಚನೆ ಎಷ್ಟು ಹಗುರವಾಗಿತ್ತೆಂದರೆ ಒಂದು ಕ್ಷಣ ಅವನಿಗೆ ಹಾರಿದಂತೆನ್ನಿಸಿತು. ಆದರೆ ನಾಲಿಗೆ ಆಗಲೇ ತನ್ನ ಕೆಲಸ ಆರಂಭಿಸಿತ್ತು. "ಸಿದ್ದಲಿಂಗ ಅವರು ವರದಿ ಮಾಡಿದ ಕೆಲಸವನ್ನು ನಾವು ಹನ್ನೊಂದು ಬಾರಿ ಪರೀಕ್ಷಿಸಿದೆವು," ಎಂದು ಓದಿದ. "ಹನ್ನೊಂದು ಸಲವೂ ಒಂದೇ ಫಲಿತಾಂಶ ಬಂತು."

"ಅನ್ನೊಂದು ಸಲ!" ಅಧ್ಯಕ್ಷರು ಮೇಜನ್ನು ತಟ್ಟಿದರು. "ನಾನು ಬೋರ್ ಕೊರ್ಸುವಾಗ ಮೂರು ಸಲ ಪಾಯಿಂಟ್ ನೋಡ್ಸಿದ್ದೆ, ಮೂರೂ ಬ್ಯಾರೆ ಬ್ಯಾರೆ ಯೋಳಿದ್ರು. ಏನ್ ಡಾಕ್ಟ್ರೆ, ಸರಿಯಾಗಿ ಓದುದ್ರಾ?"

"ಅನುವಾದದಲ್ಲಿ ತಪ್ಪೇನಿಲ್ಲ," ಎಂದರು ವಿಶ್ವನಾಥರು.

"ಯಾರಪ್ಪ ಬರ್ದಿದ್ದು ಇದ?" ಅಧ್ಯಕ್ಷರು ಟ್ಯಾಬ್ಲೆಟ್ಟಿನ ಪುಟದ ಮೇಲಂಚನ್ನು ಕೂಡಿಸಿ ಓದಿದರು. "ಭಾಗ್ಯಶ್ರೀ. ಇದೇನು, ನಮ್ ಕಾಲೇಜಲ್ಲಿ ಇದ್ಳಲ್ಲ, ಅದೇ ಹುಡ್ಗೀನಾ? ಫೋನ್ ಹಾಕಿ ಮೇಷ್ಟ್ರೆ. ಈಗ್ಲೇ ಹಾಕಿ. ಮಾತಾಡ್ಬೇಕು ನಾನು." ಸಿದ್ದಲಿಂಗ ಅವಳು ಕೆಲಸದಲ್ಲಿರಬಹುದೆಂದ, ನಂಬರು ಬದಲಾಗಿರಬಹುದೆಂದ. ಅಧ್ಯಕ್ಷರ ಕೈ ಚಾಚಿಯೇ ಇತ್ತು. ಒಂದೂವರೆ ಗಂಟೆಯ ಹಿಂದಿನ ಕರೆ ಫೋನಿನ ಮೇಲ್ತುದಿಯಲ್ಲೇ ಇತ್ತು. ಒತ್ತಿದ. ಎರಡನೆಯ ರಿಂಗಿಗೇ ಅವಳು ಎತ್ತಿಕೊಂಡಳು.

"ಅಮ್ಮಾ, ನಾನು ಅಧ್ಯಕ್ಷ ಮುನಿಆಂಜಿನಪ್ಪ. ನಿಮ್ ಮೇಷ್ಟ್ರನ್ನ ಪ್ರೊಫೆಸರ್ ಮಾಡ್ತಾ ಇವ್ನಿ ಕಣಮ್ಮ ಇವತ್ತು. ನೀನ್ ಬರ್ದಿರೋ ಮಾತಿಂದ್ಲೇ ಅಂತ ತಿಳ್ಕೋ."

ಸ್ಪೀಕರಿನಲ್ಲಿ ಯಾವುದೋ ಯಂತ್ರದ ಗುಂಯ್‌ಗುಡುವಿಕೆ ಮಾತ್ರ ಕೇಳಿಸಿತು. ಸಿದ್ದಲಿಂಗ ಮೇಜಿನ ಗಾಜಿನಡಿಯ ದೇವರ ಪಟವನ್ನು ನೋಡುತ್ತ, ಅವಳು ಒಳ್ಳೆಯವಳು, ಬಾಯಿ ಬಿಡಲಾರಳು ಎಂದುಕೊಂಡ. ಅವಳ ಒಳ್ಳೆಯತನದ ಮೇಲೆ ತಾನು ಎರಡನೆಯ ಸಲ ಹೀಗೆ ಭಾರ ಹಾಕುತ್ತಿರುವುದು ಅವನಿಗೆ ತಿಳಿಯಿತು. ತಿಳಿದರೂ ಹಾಕಿದ.

"ಬಹಳ ಸಂತೋಷ ಸರ್," ಎಂದಳು ಭಾಗ್ಯಶ್ರೀ. ಈಗ ಅವಳ ಮಾತಿನಲ್ಲಿ ಊರಿನ ಎಳೆಯಿರಲಿಲ್ಲ. "ಆದರೆ ಅದು ನಾನಾಗಿ ಬರೆದದ್ದಲ್ಲ. ಸಿದ್ದಲಿಂಗ ಸರ್ ಅವರೇ ಎರಡು ಸಲ ಕೇಳಿ ಬರೆಸಿದ್ರು. ಹೆಸರು ಹೇಳದೆ, ರಿವ್ಯೂವರ್ ಆಗಿ. ಅವರ ಪೇಪರ್ ಹಾಕದಿದ್ರೆ ನಮ್ಮದನ್ನು ಒಪ್ಪಲ್ಲ ಅಂತ ಬರೆದಿದ್ರು. ಅದಕ್ಕೇ ಹಾಕಿದೆ."

ವಿಶ್ವನಾಥರ ಪೆನ್ನು ನಿಂತಿತು.

"ನೋಡಿದ್ರಾ ಡಾಕ್ಟ್ರೆ!" ಅಧ್ಯಕ್ಷರ ಕಣ್ಣಂಚು ನಿಜಕ್ಕೂ ಒದ್ದೆಯಾಗಿತ್ತು. "ಹೆಸ್ರು ಯೋಳ್ಕಳ್ದೆ, ಮರೇಲಿ ನಿಂತ್ಕಂಡು ಶಿಷ್ಯರನ್ನ ತಿದ್ದವ್ರೆ. ಮೇಷ್ಟ್ರು ಅಂದ್ರೆ ಇಂಗಿರ್ಬೇಕು. ಆಯ್ತಮ್ಮ, ಕಾಲೇಜ್ ಡೇಗೆ ಬಾ, ಶಾಲು ಹೊದುಸ್ತೀವಿ." ಫೋನಿಟ್ಟು, ಆದೇಶದ ಹಾಳೆಯ ಮೇಲೆ ದೊಡ್ಡದಾಗಿ ಸಹಿ ಹಾಕಿದರು. ಬಾಗಿಲಲ್ಲಿ ಆವಲಪ್ಪ ಎಂಬವರು ಬಂದಿದ್ದಾರೆಂದು, ಸೈಟಿನ ವಿಷಯವೆಂದು ಯಾರೋ ಹೇಳಿದ್ದರಿಂದ, "ಒಂದ್ನಿಮಿಷ ಕುಂತಿರಿ, ಪ್ರೊಫೆಸರೆ," ಎಂದು ಎದ್ದು ಹೊರನಡೆದರು.

ಕೋಣೆಯಲ್ಲಿ ಇಬ್ಬರೇ ಉಳಿದರು. ವಿಶ್ವನಾಥರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಈಗ ಹೇಳುತ್ತಾರೆ ಎಂದು ಸಿದ್ದಲಿಂಗ ಕಾದ. ಸಂಪಾದಕರಿಗೆ ಒಂದು ಪತ್ರ, ಕಾಲೇಜಿಗೆ ಒಂದು ಪ್ರತಿ. ಸಹಿ ಒಣಗುವ ಮೊದಲೇ ಎಲ್ಲ ಮುಗಿಯುತ್ತದೆ. ಮುಗಿಯಲಿ ಎಂದು ಅವನು ಆಸೆಯನ್ನೂ ಪಟ್ಟ.

"ಯಾವ ಯಾವ ಜರ್ನಲ್ಲಿಗೆ ರಿವ್ಯೂ ಮಾಡ್ತೀರಿ?" ಎಂದು ಕೇಳಿದರು ವಿಶ್ವನಾಥರು.

"ಮೂರಕ್ಕೆ ಸರ್."

"ತಿಂಗಳಿಗೆ ಎಷ್ಟು ಬರ್ತವೆ?"

ಅವರ ದನಿಯಲ್ಲಿ ಒಂದು ಸಂಕೋಚವಿತ್ತು, ಕೈಚಾಚುವವರ ಸಂಕೋಚ. ಅದನ್ನು ಗುರುತಿಸಲು ಸಿದ್ದಲಿಂಗನಿಗೆ ಒಂದು ಗಳಿಗೆ ಬೇಕಾಯಿತು. ಗುರುತಿಸಿದೊಡನೆ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ.

"ನಾಲ್ಕೈದು ಬರ್ತವೆ ಸರ್."

"ನನ್ನದು ಇಪ್ಪತ್ತೊಂಬತ್ತಕ್ಕೆ ನಿಂತುಬಿಟ್ಟಿದೆ," ಎಂದರು ವಿಶ್ವನಾಥರು, ಬಾಗಿಲಿನ ಕಡೆ ನೋಡುತ್ತ. "ಮೂವತ್ತಿಲ್ಲದೆ ಫೆಲೋಶಿಪ್ಪಿಗೆ ಹೆಸರು ಹೋಗೋದಿಲ್ಲ. ಕೋಬಾಲ್ಟಿನ ಮೇಲೆ ಎರಡು ಪೇಪರ್ ಇವೆ, ಯಾರೂ ನೋಡಲ್ಲ."

ಸಿದ್ದಲಿಂಗ ತನ್ನ ಹಳದಿ ಬಣ್ಣದ ಹಾಳೆಯನ್ನು ಮಗುಚಿ, ಖಾಲಿ ಬದಿಯನ್ನು ಮೇಲಕ್ಕೆ ಮಾಡಿ, ಜೇಬಿನಿಂದ ಪೆನ್ನು ತೆಗೆದ.

"ಶೀರ್ಷಿಕೆ ಹೇಳಿ ಸರ್," ಎಂದ. "ವರ್ಷಾನೂ ಹೇಳಿಬಿಡಿ."